ಮಹಾಪಧಮನಿಗೆ ಸ್ಟೆಂಟ್ ಹಾಕಿದ ಮೇಲೆ ಪ್ರತಿ ವರ್ಷ ಸಿ.ಟಿ. ಬೇಕಾ, ಡಾಪ್ಲರ್ ಸಾಕಾ?

ನಿಮ್ಮ ತಂದೆಯ ವಿಷಯದಲ್ಲಿ ನೀವು ಕೇಳುತ್ತಿರುವುದನ್ನೇ ನಾನು ಮೂರು ವರ್ಷ ಕೇಳಿಕೊಂಡು ಓಡಾಡಿದ್ದೇನೆ. ನನ್ನನ್ನು ಕೇಳಿದರೆ ಆ ಪ್ರಶ್ನೆಯೇ ತಪ್ಪು.

ನಮ್ಮಪ್ಪನಿಗೆ ಆಪರೇಷನ್ ಆಗಿ ತಿಂಗಳಿಗೆ ಸಿ.ಟಿ. ಆಂಜಿಯೋ ಮಾಡಿಸಿದ್ದೆವು, ಅಂದರೆ ಕಾಂಟ್ರಾಸ್ಟ್ ಅನ್ನುವ ಔಷಧ ರಕ್ತಕ್ಕೆ ಬಿಟ್ಟು ರಕ್ತನಾಳದ ಸ್ಕ್ಯಾನ್. ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಉಬ್ಬಿ ಆಗಿದ್ದ ಚೀಲ 57 ಮಿ.ಮೀ. ಇತ್ತು. ಆ ಚೀಲಕ್ಕೆ ರಕ್ತ ಹೋಗದಿರಲಿ ಅಂತಲೇ ಸ್ಟೆಂಟ್ ಹಾಕುವುದು. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ, ಕಾಂಟ್ರಾಸ್ಟ್‌ನಿಂದ ಕಿಡ್ನಿಗೆ ತೊಂದರೆ ಆದೀತು ಅಂತ ಆಮೇಲೆ ಅದನ್ನು ಬಿಟ್ಟು ವರ್ಷಕ್ಕೊಂದು ಡಾಪ್ಲರ್, ಅಂದರೆ ರಕ್ತದ ಹರಿವನ್ನೂ ತೋರಿಸುವ ಅಲ್ಟ್ರಾಸೌಂಡ್. ಮೊದಲ ವರ್ಷ 59, ಆಮೇಲೆ 61, ಆಮೇಲೆ 64. ಪ್ರತಿ ಸಲವೂ ಲ್ಯಾಬಿಗೆ ನಾನು ಒಯ್ದಿದ್ದು ಹಿಂದಿನ ವರ್ಷದ ರಿಪೋರ್ಟ್ ಒಂದೇ. ಅವರು ಅದನ್ನು ನೋಡಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಅಂತ ಬರೆದರು. ಅವರದೇನು ತಪ್ಪು? ಡಾಪ್ಲರಿನಲ್ಲಿ ಎರಡು ಮೂರು ಮಿ.ಮೀ. ಅಳೆಯುವ ಕೈಯಲ್ಲೇ ಹೆಚ್ಚುಕಡಿಮೆ ಆಗುತ್ತದೆ. ಆದರೆ 57ರಿಂದ ಲೆಕ್ಕ ಹಾಕಿದರೆ ಏಳು! ಐದು ದಾಟಿದರೆ ಡಾಕ್ಟರು ಸುಮ್ನೆ ಬಿಡುವುದಿಲ್ಲ. ಅಪ್ಪನಿಗೋ ಒಂಚೂರು ನೋವಿಲ್ಲ, ದಿನಾ ತೋಟಕ್ಕೆ ಹೋಗುತ್ತಿದ್ದರು.

ಸರ್ಜನ್ ಮೊದಲ ಸಿ.ಟಿ.ಯ ಸಿಡಿ ಕೇಳಿದರು. ಬೀರು, ಅಟ್ಟ ಎಲ್ಲ ಹುಡುಕಿದೆ. ಸಿಕ್ಕಿದ್ದು ಸೀಬೆ ಮರದಲ್ಲಿ. ಗಿಣಿ ಓಡಿಸೋಕೆ ಅಪ್ಪ ದಾರ ಕಟ್ಟಿ ತೂಗುಬಿಟ್ಟಿದ್ದರು. "ಹಳೇ ಸಿಡಿ ಇದ್ರೆ ಕೊಡೋ" ಅಂದಾಗ ನೋಡದೆ ಎತ್ತಿ ಕೊಟ್ಟವನು ನಾನೇ. ಬಿಸಿಲು ಮಳೆಗೆ ಮೇಲಿನ ಬೆಳ್ಳಿ ಪದರ ಸುಲಿದು, ಆಚೆ ಕಡೆಯ ಎಲೆ ಕಾಣುತ್ತಿತ್ತು. ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಸಿಗಲಿಲ್ಲ. ಕಾಗದದಲ್ಲಿ ಅಳತೆ ಇತ್ತು, ನಿಜ. ಆದರೆ ಸ್ಟೆಂಟ್ ಮೊದಲು ಎಲ್ಲಿ ಕೂತಿತ್ತು, ಈಗ ಜಾರಿದೆಯಾ ಅನ್ನುವುದಕ್ಕೆ ಚಿತ್ರವೇ ಬೇಕಲ್ವಾ? ಹೊಸದಾಗಿ ಸಿ.ಟಿ., ಅದು ಸಾಲದೆ ತೊಡೆಸಂದಿಯಿಂದ ಆಂಜಿಯೋಗ್ರಾಮ್. ಹೆದರಿ ದೂರ ಇಟ್ಟಿದ್ದ ಕಾಂಟ್ರಾಸ್ಟ್ ಒಂದೇ ತಿಂಗಳಲ್ಲಿ ಎರಡು ಸಲ ಹೋಯಿತು. ಸ್ಟೆಂಟ್ ಜಾರಿರಲಿಲ್ಲ. ಬೆನ್ನಿನ ಕಡೆಯ ಸಣ್ಣ ರಕ್ತನಾಳದಿಂದ ರಕ್ತ ಹಿಮ್ಮುಖವಾಗಿ ಚೀಲಕ್ಕೆ ಬರುತ್ತಿತ್ತು. ಟೈಪ್ 2 ಎಂಡೋಲೀಕ್ ಅಂತಾರೆ. ಕಾಯಿಲ್ ಅನ್ನುವ ಸಣ್ಣ ತಂತಿಯ ಸುರುಳಿ ಹಾಕಿ ಮುಚ್ಚಿದರು.

ಹಾಗಾಗಿ ಸಿ.ಟಿ.ಯೋ ಡಾಪ್ಲರೋ ಅನ್ನುವುದನ್ನು ಸರ್ಜನ್‌ಗೆ ಬಿಡಿ. ಚೀಲ ಬೆಳೆಯದೆ, ಲೀಕ್ ಇಲ್ಲದೆ ಇದ್ದರೆ ಎಷ್ಟೋ ಜನರಿಗೆ ಡಾಪ್ಲರ್ ಸಾಕಾಗುತ್ತದೆ. ನೀವು ಮಾತ್ರ ಆ ಮೊದಲ ಸಿಡಿಯನ್ನು ಇವತ್ತೇ ಪೆನ್‌ಡ್ರೈವ್‌ಗೆ ಹಾಕಿ. ಲ್ಯಾಬ್ ಬದಲಾಯಿಸಬೇಡಿ, ನೂರಿನ್ನೂರು ಉಳಿಯುತ್ತದೆ ಅಂದರೂ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಗ್ಯಾಸ್ ಅಡ್ಡ ಬಂದು ಸರಿಯಾಗಿ ಕಾಣುವುದಿಲ್ಲ. ನಮ್ಮ ಎರಡನೇ ರಿಪೋರ್ಟಿನ ಕೆಳಗೆ ಅದನ್ನೇ ಬರೆದಿದ್ದರು. ನಾನು ಅಳತೆಯೊಂದನ್ನೇ ನೋಡಿ ಮಡಿಚಿಟ್ಟಿದ್ದೆ.