ಅಕ್ಕ, ಛಾಪಾ ಕಾಗದ ಒಂದೇ ಸಾಲದು
ವಿಚ್ಛೇದನ ಆಗಿದೆ, ಮಳೆಗಾಲದಲ್ಲಿ ಶಾಲೆ ದೂರ, ಆರು ವರ್ಷದ ಮಗಳನ್ನು ತೀರ್ಥಹಳ್ಳಿಯ ಮಕ್ಕಳಿಲ್ಲದ ಅಣ್ಣ-ಅತ್ತಿಗೆಗೆ ದತ್ತು ಕೊಡಲು ಛಾಪಾ ಕಾಗದದಲ್ಲಿ ಬರೆದರೆ ಸಾಕಾ ಎಂದು ಕೇಳಿದ್ದೀರಿ. ಸಾಲದು ಅಕ್ಕ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ಮಗುವಿನ ಅಪ್ಪನ ಒಪ್ಪಿಗೆಯೂ ಬೇಕು. ವಿಚ್ಛೇದನ ಆದರೂ ಅವರು ಅಪ್ಪನೇ ಅಲ್ವಾ? ಅತ್ತಿಗೆಯೂ ಒಪ್ಪಬೇಕು. ಮಗುವನ್ನು ನಿಜವಾಗಿ ಕೊಟ್ಟು, ತೆಗೆದುಕೊಳ್ಳಬೇಕು. ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ಬಲ ಜಾಸ್ತಿ.

ಆದರೆ ದತ್ತು ಆದ ಮೇಲೆ ರದ್ದು ಮಾಡಲು ಬರುವುದಿಲ್ಲ. ಅದೇ ನನಗೆ ಭಯ. ಶಾಲೆಗೋಸ್ಕರ ಅಷ್ಟೇ ಆದರೆ ಮಗು ಸುಮ್ನೆ ಅವರ ಮನೆಯಲ್ಲಿ ಇದ್ದು ಓದಲಿ. ಅಪ್ಪನಿಗೆ ತಿಳಿಸಿ, ಕೋರ್ಟ್ ಹೇಳಿದ ಭೇಟಿಯ ದಿನ ತಪ್ಪಿಸಬೇಡಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಸಲಹೆ ಉಚಿತ. ಸಹಿ ಹಾಕುವ ಮೊದಲು ಅಲ್ಲಿಗೆ ಹೋಗಿ ಬನ್ನಿ.