ಗೆರೆಯ ಬಲಗಡೆಯ ಸ್ವರವನ್ನು ಎಲ್ಲಿ ನುಡಿಸೋದು?

ಪ್ರಶ್ನೆ: ಗಿಟಾರಿಗೆ ಬರೆದ ಹಾಡಿನ ಹಾಳೆಗಳಲ್ಲಿ ಸಿ/ಬಿ, ಎ ಮೈನರ್/ಜಿ ಎಂಬ ಸ್ಲ್ಯಾಶ್ ಕಾರ್ಡ್‌ಗಳು ಬರುತ್ತವೆ. ನನ್ನ ಯುಕುಲೇಲೆಯದು ಮಾಮೂಲಿ ಜಿ-ಸಿ-ಇ-ಎ ಶ್ರುತಿ. ಗೆರೆಯಾಚೆಗಿನ ಅಕ್ಷರ ಬಿಟ್ಟು ನುಡಿಸಿದರೆ ಹಾಡು ಸಪ್ಪೆ ಅನಿಸುತ್ತದೆ. ಏನು ಮಾಡಲಿ?

ಉತ್ತರ: ಸಪ್ಪೆ ಅಂತ ನಿಮಗೆ ಕೇಳಿಸಿತಲ್ಲ, ನಿಮ್ಮ ಕಿವಿ ಚೆನ್ನಾಗಿದೆ. ಗೆರೆಯ ಎಡಗಡೆ ಇರುವುದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಬಲಗಡೆಯದು ಅದರ ಅಡಿಯಲ್ಲಿ ಕೇಳಬೇಕಾದ ಬೇಸ್ ಸ್ವರ. ಆದರೆ ನಿಮ್ಮ ವಾದ್ಯದಲ್ಲಿ ಎಲ್ಲಕ್ಕಿಂತ ತಗ್ಗಿನ ಸ್ವರ ಮೂರನೇ ತಂತಿಯ ಸಿ. ನಾಲ್ಕನೇ ತಂತಿಯ ಜಿ ಅದಕ್ಕಿಂತ ಮೇಲಿದೆ. ಸಿ ಕೆಳಗಿನ ಬಿ ಇಲ್ಲಿ ಸಿಗುವುದೇ ಇಲ್ಲ. ನೀವು ದಿನಾ ಹಿಡಿಯುವ ಎಫ್, ಅಂದರೆ 2010 (ಜಿ, ಸಿ, ಇ, ಎ ತಂತಿಗಳಲ್ಲಿ ಕ್ರಮವಾಗಿ ಒತ್ತುವ ಫ್ರೆಟ್ಟಿನ ಸಂಖ್ಯೆ; 0 ಅಂದರೆ ಖಾಲಿ ತಂತಿ), ಅದರಲ್ಲೂ ಅಡಿಯಲ್ಲಿ ಕೇಳುವುದು ಖಾಲಿ ಸಿ, ಹಾಗಾಗಿ ಅದೂ ನಿಜವಾಗಿ ಎಫ್/ಸಿ!

ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವುದು ಇದನ್ನೇ: ಆ ಬೇಸ್ ಸ್ವರ ನಡೆಯುತ್ತಿದೆಯಾ, ಸುಮ್ನೆ ನಿಂತಿದೆಯಾ?

ಸಿ, ಸಿ/ಬಿ, ಎ ಮೈನರ್, ಎ ಮೈನರ್/ಜಿ, ಎಫ್ ಎಂಬ ಸಾಲು ನೋಡಿ. ಬೇಸ್ ಸ್ವರಗಳನ್ನಷ್ಟೇ ಓದಿ: ಸಿ, ಬಿ, ಎ, ಜಿ, ಎಫ್. ಒಂದೊಂದೇ ಮೆಟ್ಟಿಲು ಇಳಿಯುತ್ತಿದೆ, ಅಲ್ವಾ? ಹಾಡಿನ ಜೀವ ಇರುವುದು ಆ ಇಳಿತದಲ್ಲೇ. ಕೆಳಗೆ ಜಾಗವಿಲ್ಲದಿದ್ದರೆ ಅದನ್ನು ಮೇಲೆ ನುಡಿಸಿ. 0003, 0002, 2000, 0000, 2010. ಎ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಸಿ, ಎರಡರಲ್ಲಿ ಬಿ, ಖಾಲಿ ತಂತಿಯಲ್ಲಿ ಎ. ಆಮೇಲೆ ಖಾಲಿ ಜಿ ತಂತಿ. ಕೊನೆಗೆ ಇ ತಂತಿಯ ಮೊದಲ ಫ್ರೆಟ್ಟಿನ ಎಫ್. ಮೊದಲು ಈ ಐದು ಸ್ವರಗಳನ್ನಷ್ಟೇ ಮೀಟಿ, ಕಿವಿಗೆ ಕೂತ ಮೇಲೆ ಸ್ಟ್ರಮ್ ಮಾಡಿ. ಇಳಿಯುವ ಸ್ವರ ಉಳಿದವುಗಳಿಗಿಂತ ತುಸು ಜೋರಾಗಿರಲಿ. ಮೇಲಿನ ಜಿ ತಂತಿ ಇಷ್ಟು ಚೆಂದ ಒದಗಿಬರುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ಬೇಸ್ ನಿಂತಿದ್ದರೆ ಚಿಂತೆ ಬೇಡ. ಸಿ/ಜಿ ಇದ್ದರೆ ಸಿ ನುಡಿಸಿ ಸಾಕು. ಜೊತೆಗೆ ಗಿಟಾರ್ ಇದ್ದರಂತೂ ಆ ಕೆಲಸ ಅವರದು. ಎಫ್/ಜಿ ಮಾತ್ರ ಬಿಡಬೇಡಿ, ಆ ಜಿ ಎಫ್ ಕಾರ್ಡಿನೊಳಗೆ ಇಲ್ಲದ ಸ್ವರ. 0010 ಹಿಡಿಯಿರಿ.

ಬೇಸ್ ಅಡಿಯಲ್ಲೇ ಬೇಕು ಅಂದರೆ ನಾಲ್ಕನೇ ತಂತಿಯ ಜಾಗಕ್ಕೆ ಲೋ ಜಿ, ಅಂದರೆ ಒಂದು ಸಪ್ತಕ ಕೆಳಗಿನ ಜಿ ತಂತಿ, ಹಾಕಿಸಿ. ಆ ತಂತಿ ದಪ್ಪ ಜಾಸ್ತಿ, ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯ) ಕಚ್ಚಿನಲ್ಲಿ ಕೂರದಿದ್ದರೆ ಒತ್ತಿ ತುರುಕಬೇಡಿ, ಕಚ್ಚನ್ನು ಅಗಲ ಮಾಡಿಸಿ. ಆಗ 5433, 4433, 2000, 0000 ನುಡಿಸಿದರೆ ಸಿ, ಬಿ, ಎ, ಜಿ ಆ ಒಂದೇ ತಂತಿಯಲ್ಲಿ ಇಳಿಯುತ್ತವೆ. ಜಿ/ಬಿ ಬೇಕಾದರೆ 4232. ಎಫ್‌ಗೆ ಮಾತ್ರ ಅಲ್ಲೂ ಜಾಗವಿಲ್ಲ, ಇ ತಂತಿಗೇ ಹಾರಬೇಕು.