ಕಲಬುರಗಿಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಮನೆಯನ್ನು ಹೇಗೆ ಸಜ್ಜುಗೊಳಿಸಬೇಕು?

ಮೈಸೂರಿನಿಂದ ವರ್ಗವಾಗಿ ಬಂದು ಕಲಬುರಗಿಯಲ್ಲಿ ಶಹಾಬಾದ ಪರ್ಸಿಯ (ಹಾಸುಗಲ್ಲಿನ) ನೆಲವಿರುವ ಹಳೆಯ ಆರ್‌ಸಿಸಿ ಮನೆಯೊಂದನ್ನು ಕೊಂಡಿರುವುದಾಗಿ ಬರೆದು, ವಸಂತ ಬರುವ ಮೊದಲು ಅದರಲ್ಲಿ ಏನೇನು ಮಾಡಿಸಬೇಕೆಂದು ಕೇಳಿದ್ದೀರಿ. ಅಂಥದೇ ಮನೆಯಲ್ಲಿ ಬಹಳ ವರ್ಷಗಳಿಂದ ವಾಸವಾಗಿರುವುದರಿಂದ ಅನುಭವದ ಮಾತನ್ನೇ ಹೇಳುತ್ತೇನೆ.

ಪಂಚಾಂಗದ ವಸಂತ ಯುಗಾದಿಗೆ ಬರುತ್ತದೆಯಾದರೂ ನಮ್ಮ ಕಡೆ ಅಷ್ಟರಲ್ಲಿ ಬಿಸಿಲು ಬಲಿತಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಆದ್ದರಿಂದ ಇಲ್ಲಿ ವಸಂತಕ್ಕೆ ಸಜ್ಜಾಗುವುದೆಂದರೆ ಬೇಸಿಗೆಗೆ ಸಜ್ಜಾಗುವುದೇ. ಸಂಕ್ರಾಂತಿ ಕಳೆದ ಮೇಲೆ ಕೆಲಸ ಹಿಡಿದು ಶಿವರಾತ್ರಿಯೊಳಗೆ ಮುಗಿಸಿ, ಮತ್ತು ಮಾಳಿಗೆಯ, ಅಂದರೆ ತಾರಸಿಯ, ಮೇಲಿನಿಂದಲೇ ಆರಂಭಿಸಿ. ಹೊಸದಾಗಿ ಬಂದವರು ಒಳಗಿನ ಗೋಡೆಗಳಿಗೆ ಬಣ್ಣ ಬಳಿಸಿ ಹಣವೆಲ್ಲ ಖರ್ಚು ಮಾಡಿದ ಮೇಲೆ, ಮನೆಗೆ ಕಾವು ಇಳಿಯುವುದೂ ಮಳೆಗಾಲದಲ್ಲಿ ನೀರು ಇಳಿಯುವುದೂ ಮಾಳಿಗೆಯಿಂದಲೇ ಎಂಬುದನ್ನು ಕಾಣುತ್ತಾರೆ.

ಚಳಿಗೆ ಕಾಂಕ್ರೀಟು ಕುಗ್ಗುವುದರಿಂದ ಬಿರುಕುಗಳು ಈಗ ಹೆಚ್ಚು ಬಾಯಿ ಬಿಟ್ಟಿರುತ್ತವೆ. ಬೆಳಿಗ್ಗೆ ಮಾಳಿಗೆಯನ್ನು ಗುಡಿಸಿ, ತಿಕ್ಕಿ ತೊಳೆದು, ಒಂದರ್ಧ ಗಂಟೆ ಕಾದು ನೋಡಿ: ಮೇಲ್ಮೈ ಒಣಗಿ ಬೆಳ್ಳಗಾದ ಮೇಲೂ ಬಿರುಕು ಇರುವಲ್ಲಿ ನೀರು ಹಿಡಿದು ಕಪ್ಪು ಗೆರೆಗಳು ಉಳಿದಿರುತ್ತವೆ. ಅವುಗಳ ಗುಂಟ ಖಡುವಿನಿಂದ (ಸೀಮೆಸುಣ್ಣದಿಂದ) ಗುರುತು ಹಾಕಿಕೊಂಡು, ಪೂರ್ತಿ ಒಣಗಿದ ನಂತರ ಬಿರುಕು ತುಂಬುವ ಪೇಸ್ಟಿನಿಂದ ಮುಚ್ಚಿಸಿ.

ಅದರ ಮೇಲೆ ಸುಣ್ಣ ಬಳಿಯುವುದು ನಮ್ಮಲ್ಲಿ ಅತಿ ಕಡಿಮೆ ಖರ್ಚಿನ, ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಕೆಲಸ; ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿಸಿ, ಸುಟ್ಟ ಸುಣ್ಣದ ಹರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಅದು ಕೊತಕೊತನೆ ಕುದಿದು ಸಿಡಿಯುವುದರಿಂದ ಮಕ್ಕಳನ್ನು ದೂರವಿಡಿ, ಕಣ್ಣಿಗೆ ಕನ್ನಡಕವಿರಲಿ. ರಾತ್ರಿಯಿಡೀ ನೆನೆದದ್ದನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಕಲಸಿ, ಮಾಳಿಗೆಗೆ ನೀರು ಚಿಮುಕಿಸಿ ಇಳಿಹೊತ್ತಿನಲ್ಲಿ ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಸುಣ್ಣವು ತೇವವಿದ್ದಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ಬಳಿದರೆ ಗಟ್ಟಿಯಾಗುವ ಮೊದಲೇ ಒಣಗಿ, ಕಾಲಿಟ್ಟಲ್ಲೆಲ್ಲ ಹಿಟ್ಟಾಗಿ ಏಳುತ್ತದೆ. ಈ ಕೆಲಸವನ್ನು ಚಳಿಯ ಕೊನೆಯಲ್ಲೇ ಮಾಡಬೇಕೆನ್ನುವುದಕ್ಕೆ ಇದೇ ಕಾರಣ.

ನೆಲದ ವಿಷಯದಲ್ಲಿ ಒಂದೇ ಎಚ್ಚರಿಕೆ: ಶಹಾಬಾದ ಪರ್ಸಿಗೆ ಆಸಿಡ್ ಮುಟ್ಟಿಸಬೇಡಿ. ಅದು ಸುಣ್ಣದ ಕಲ್ಲು. ಹಿಂದೊಮ್ಮೆ ಕೆಲಸಕ್ಕೆ ಬಂದವರ ಮಾತು ಕೇಳಿ ನಾನು ಅಡುಗೆಮನೆಯ ಪರ್ಸಿಗೆ ಬಚ್ಚಲು ತೊಳೆಯುವ ಆಸಿಡ್ ಸುರಿಸಿದ್ದೆ; ಬುಸುಬುಸು ನೊರೆಯೆದ್ದು, ವರ್ಷಗಟ್ಟಲೆ ಒರೆಸಿ ಬಂದ ಹೊಳಪು ಹೋಗಿ ಕಲ್ಲು ಒರಟಾಯಿತು. ಆ ಜಾಗ ಇಂದಿಗೂ ಹಾಗೆಯೇ ಇದೆ, ಈಗಲೂ ನೋವಾಗುತ್ತದೆ. ಸಾಬೂನಿನ ಬಿಸಿನೀರು, ತೆಂಗಿನ ನಾರಿನ ಬ್ರಷ್ಷು ಸಾಕು.

ಕೂಲರನ್ನು ಈಗಲೇ ಹೊರಗೆ ತೆಗೆಯಿರಿ. ಇಲ್ಲಿನ ಬೇಸಿಗೆಯ ಒಣ ಹವೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಹಳೆಯ ಹುಲ್ಲಿನ ಪ್ಯಾಡುಗಳಲ್ಲಿ ಗಾಳಿ ಆಡುವುದಿಲ್ಲ. ಅವನ್ನು ಬದಲಾಯಿಸಿ, ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ತಪಾಸಣೆ ಮಾಡಿಸಿ. ತಗಡಿನ ಕೂಲರಿನಿಂದ ಶಾಕ್ ತಗಲುವ ಅಪಾಯ ಸಣ್ಣದಲ್ಲ. ಅದನ್ನು ಕಿಟಕಿಗೆ ಹೊಂದಿಸಿ, ಎದುರಿನ ಬಾಗಿಲನ್ನು ಸ್ವಲ್ಪ ತೆರೆದಿಡಬೇಕು, ಇಲ್ಲವಾದರೆ ಕೋಣೆಯಲ್ಲಿ ಬರೀ ಜಿಗುಟು ಉಳಿಯುತ್ತದೆ. ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿದರೆ ಸೊಳ್ಳೆಯ ಮರಿಗಳು ಬೆಳೆಯುವುದಿಲ್ಲ.

ಇನ್ನು ಕೌದಿಗಳು, ಅಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದ ಹೊದಿಕೆಗಳು. ದಪ್ಪ ಕೌದಿ ಒಳಗಿನ ಪದರದವರೆಗೆ ಒಣಗಲು ಎರಡು ದಿನದ ಒಳ್ಳೆಯ ಬಿಸಿಲು ಬೇಕು. ನಂತರ ಒಣಗಿದ ಬೇವಿನ ಸೊಪ್ಪನ್ನು ಮಡಿಕೆಗಳ ನಡುವೆ ಇಟ್ಟು ಎತ್ತಿಡುತ್ತೇವೆ. ಬೆಳಗಿನ ಜಾವದ ಚಳಿಗೆಂದು ತಲೆಗೊಂದು ಹೊರಗೇ ಇರಲಿ. ಉಳಿದವನ್ನು ಸುಣ್ಣ ಬಳಿಸುವ ಮೊದಲೇ ಒಗೆದು ಮಾಳಿಗೆಯ ಮೇಲೆ ಒಣಗಿಸಿಕೊಳ್ಳಿ, ಏಕೆಂದರೆ ಹಸಿ ಸುಣ್ಣದ ಮೇಲೆ ಹಾಸಿದ ಕೌದಿಗೆ ಹತ್ತಿದ ಬಿಳಿ ಸುಲಭವಾಗಿ ಬಿಡುವುದಿಲ್ಲ.